ಮುಂಡಿಗೆಯ ಕನಕದಾಸರು

ಲಕ್ಷ್ಮೇಶ್ವರಕ್ಕೆ ಪ್ರಾಚೀನ ಕಾಲದಲ್ಲಿ ಪುಲಿಗೆರೆ ಎಂಬ ಹೆಸರಿದ್ದಿತು. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿರುವ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಕ್ಕುಂದಗಳೊಡನೆ ಈ ಪುಲಿಗೆರೆಯನ್ನೂ ಹೆಸರಿಸಿತು. 10ನೆಯ ಶತಮಾನದಲ್ಲಿ ಆದಿಕವಿ ಪಂಪನು ತನ್ನ ಭಾರತಕಾವ್ಯದ ಭಾಷೆ ಪುಲಿಗೆರೆಯ ತಿರುಳುಗನ್ನಡವೆಂದು ಅಭಿಮಾನದಿಂದ ಹೇಳಿಕೊಂಡನು. ಇಂತಹ ನಾಡಿನಲ್ಲಿ ಮಾತು ಬರಿಯ ವ್ಯವಹಾರದ ಸಾಧನವಾಗಿ ಉಳಿಯದೆ ಆಟದ ವಸ್ತುವೂ ಆದುದರಲ್ಲಿ ಆಶ್ಚರ್ಯವಿಲ್ಲ. ಗದಗ, ಬೆಟಗೇರಿ, ಶಿರಹಟ್ಟಿ, ಮುಂಡರಗಿಗಳ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಅಜ್ಜಿಯರು ಮೊಮ್ಮಕ್ಕಳಿಗೆ ಒಗಟುಗಳನ್ನು ಹಾಕುತ್ತಿದ್ದರು. ಮದುವೆಯ ಮನೆಯಲ್ಲಿ ಹೊಸ ಮದುಮಗಳು ಗಂಡನ ಹೆಸರನ್ನು ನೇರವಾಗಿ ಹೇಳದೆ, ಪ್ರಾಸದ ಒಡಪಿನಲ್ಲಿ ಅಡಗಿಸಿ ಹೇಳಬೇಕಾಗಿದ್ದಿತು. ಹೇಳದಿದ್ದರೆ ಅವಳಿಗೆ ಒಳಗೆ ಹೋಗಲು ದಾರಿ ಬಿಡುತ್ತಿರಲಿಲ್ಲ. ಇಂದು ಆ ಆಟವು ಬೇರೆ ವೇಷ ತಳೆದಿದೆ. ಪತ್ರಿಕೆಯ ಪುಟದಲ್ಲಿ ದಿನವೂ ಪದಬಂಧ ಬರುತ್ತದೆ. ಕೈಯಲ್ಲಿ ಹಿಡಿದ ಫೋನಿನಲ್ಲಿ ದಿನಕ್ಕೊಂದು ಗುಪ್ತಪದವನ್ನು ಕಂಡುಹಿಡಿಯುವ ಆಟವನ್ನು ಜಗತ್ತಿನಾದ್ಯಂತ ಜನರು ಆಡುತ್ತಾರೆ.

ನಾವು ಇಂದು ಕಾಣುವ ಪದಬಂಧದ ಮೂಲಮಾದರಿಯು 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ರಚಿಸಿದವನು ಇಂಗ್ಲೆಂಡಿನಿಂದ ಅಲ್ಲಿಗೆ ಹೋಗಿ ನೆಲಸಿದ್ದ ಆರ್ಥರ್ ವಿನ್ ಎಂಬವನು. ಅದು ಕನ್ನಡಕ್ಕೆ ಬಂದಾಗ ಇಲ್ಲಿಯ ಲಿಪಿಗೆ ತಕ್ಕಂತೆ ಮಾರ್ಪಟ್ಟಿತು. ಒಂದು ಚೌಕದಲ್ಲಿ ಕಾಗುಣಿತ, ಒತ್ತು ಎಲ್ಲವೂ ಕೂಡಿದ ಒಂದು ಇಡಿಯ ಅಕ್ಷರವನ್ನೇ ಬರೆಯುವ ಪದ್ಧತಿ ಬೆಳೆಯಿತು. ಆದರೆ ಅದಕ್ಕೂ ಸುಮಾರು ನಾಲ್ಕು ಶತಮಾನಗಳ ಮೊದಲೇ ನಮ್ಮ ನಾಡಿನ ಒಬ್ಬ ಮಹನೀಯರು ಮಾತನ್ನು ಗಂಟು ಹಾಕಿ, ಬಲ್ಲವರು ಬಿಡಿಸಲಿ ಎಂದು ಸಭೆಯ ಮುಂದಿಟ್ಟರು. ಅವರ ಹುಟ್ಟೂರು ಲಕ್ಷ್ಮೇಶ್ವರಕ್ಕೆ ಬಹಳ ದೂರವಾದುದಲ್ಲ. ಅಲ್ಲಿಂದ ನೈರುತ್ಯ ದಿಕ್ಕಿಗೆ ಸವಣೂರು, ಬಂಕಾಪುರಗಳ ಕಡೆಗೆ ಹೋದರೆ, ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ ಬಾಡ ಎಂಬ ಗ್ರಾಮ ಸಿಕ್ಕುತ್ತದೆ. ಅದೇ ಕನಕದಾಸರ ಜನ್ಮಸ್ಥಳ.

ಕನಕದಾಸರು 16ನೆಯ ಶತಮಾನದಲ್ಲಿ ಬಾಳಿದವರು. ಆಗ ಕರ್ನಾಟಕವು ವಿಜಯನಗರದ ಅರಸರ ಆಳ್ವಿಕೆಗೆ ಒಳಪಟ್ಟಿದ್ದಿತು. ತಂದೆ ಬೀರಪ್ಪ, ತಾಯಿ ಬಚ್ಚಮ್ಮ ಎಂದು ಪರಂಪರೆ ಹೇಳುತ್ತದೆ. ಕುರುಬರ ಮನೆತನ. ಬೀರಪ್ಪನವರು ಬಂಕಾಪುರ ಪ್ರಾಂತದಲ್ಲಿ ಡಣಾಯಕರಾಗಿದ್ದರು. ಬಹುಕಾಲ ಮಕ್ಕಳಿಲ್ಲದ ಈ ದಂಪತಿಗಳು ತಿರುಪತಿಯ ತಿಮ್ಮಪ್ಪನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗುವಿಗೆ ತಿಮ್ಮಪ್ಪ ಎಂದೇ ಹೆಸರಿಟ್ಟರು. ತಂದೆಯ ನಂತರ ನಾಯಕತನವು ಮಗನಿಗೆ ಬಂದಿತು. ಕತ್ತಿವರಸೆ, ಕುದುರೆ ಸವಾರಿಗಳೊಡನೆ ಆತನು ಓದುಬರಹವನ್ನೂ ಕಲಿತಿದ್ದನೆಂಬುದಕ್ಕೆ ಮುಂದೆ ರಚಿಸಿದ ಕಾವ್ಯಗಳೇ ಸಾಕ್ಷಿ.

ಒಮ್ಮೆ ನೆಲವನ್ನು ಅಗೆಸುತ್ತಿರುವಾಗ ತಿಮ್ಮಪ್ಪನಾಯಕನಿಗೆ ಹೊನ್ನಿನ ಕೊಪ್ಪರಿಗೆ ದೊರೆಯಿತಂತೆ. ಅದನ್ನು ಅವನು ತನ್ನ ಸುಖಕ್ಕೆ ಬಳಸಿಕೊಳ್ಳದೆ ಕಾಗಿನೆಲೆಯ ಆದಿಕೇಶವನ ಗುಡಿಗೂ ಬಡವರಿಗೂ ವಿನಿಯೋಗಿಸಿದನು. ಕನಕವನ್ನು ಪಡೆದು ಕನಕವನ್ನು ತೊರೆದ ಆತನನ್ನು ಜನರು ಕನಕನಾಯಕನೆಂದು ಕರೆದರು. ಮುಂದೆ ಒಂದು ಕಾಳಗದಲ್ಲಿ ಸೋಲು ಒದಗಿತು. ಮೈತುಂಬ ಗಾಯಗೊಂಡು, ಸತ್ತವರ ನಡುವೆ ಬಿದ್ದಿದ್ದ ಕನಕನಾಯಕನು ಹೇಗೋ ಬದುಕಿ ಉಳಿದನು. ಆ ರಣಭೂಮಿಯಲ್ಲಿ ಆದಿಕೇಶವನೇ ಬಂದು ಎಚ್ಚರಿಸಿದನೆಂದು ಭಕ್ತರು ನಂಬುತ್ತಾರೆ. ಹೇಗೇ ಇರಲಿ, ಕತ್ತಿ ಹಿಡಿದ ಕೈ ಅನಂತರ ತಂಬೂರಿಯನ್ನು ಹಿಡಿಯಿತು. ಕನಕನಾಯಕನು ಕನಕದಾಸರಾದರು. ಇವೆಲ್ಲ ನಾಡಿಗೆ ತಿಳಿದ ಸಂಗತಿಗಳೇ. ಅವರು ಮಾತನ್ನು ಆಯುಧವಾಗಿ ಹಿಡಿದ ಬಗೆಯನ್ನು ನಾವು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕಾಗಿದೆ.

ದಾಸರು ಗುರುವನ್ನು ಅರಸುತ್ತ ವ್ಯಾಸರಾಯರಲ್ಲಿಗೆ ಹೋದರು. ವ್ಯಾಸರಾಯರು ಸಾಮಾನ್ಯ ಯತಿಗಳಲ್ಲ. ನ್ಯಾಯಾಮೃತ, ತರ್ಕತಾಂಡವ, ತಾತ್ಪರ್ಯಚಂದ್ರಿಕೆಗಳಂತಹ ಪ್ರೌಢ ಸಂಸ್ಕೃತ ಗ್ರಂಥಗಳನ್ನು ಬರೆದವರು. ವಿಜಯನಗರದ ಅರಸರಿಂದ ಗೌರವ ಪಡೆದವರು. ಅದರೊಡನೆ ಕನ್ನಡದಲ್ಲಿ ಕೀರ್ತನೆಗಳನ್ನೂ ಹಾಡಿದವರು. ಅವರ ಮಠದಲ್ಲಿ ದೇಶದ ನಾನಾ ಭಾಗಗಳಿಂದ ಬಂದ ವಿದ್ಯಾರ್ಥಿಗಳು ತರ್ಕ, ವ್ಯಾಕರಣ, ವೇದಾಂತಗಳನ್ನು ಅಭ್ಯಾಸ ಮಾಡುತ್ತಿದ್ದರು. ಇಂತಹ ಸ್ಥಳಕ್ಕೆ ಕಂಬಳಿ ಹೊದೆದ ಒಬ್ಬ ಮನುಷ್ಯನು ಬಂದು ಶಿಷ್ಯನಾಗಬೇಕೆಂದು ಕೇಳಿದಾಗ ಉಳಿದವರ ಮನಸ್ಸಿನಲ್ಲಿ ಏನಾಗಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಇದು ಬರಿಯ ಊಹೆಯೂ ಅಲ್ಲ. ಗುರುಗಳು ಕನಕನಿಗೆ ತೋರಿಸುತ್ತಿದ್ದ ದಯೆಯನ್ನು ಕಂಡು ಮಠದವರು ದೂರುತ್ತಿದ್ದರೆಂಬ ಸಂಗತಿಯು ಪುರಂದರದಾಸರ ಅಂಕಿತವಿರುವ ಒಂದು ಕೀರ್ತನೆಯಲ್ಲಿಯೇ ಬಂದಿದೆ.

ಮಠದ ಶಿಷ್ಯರಿಗೆ ಅವರದೇ ಆದ ಅಳತೆಗೋಲುಗಳಿದ್ದವು. ಯಾವ ಕುಲದಲ್ಲಿ ಹುಟ್ಟಿದವನು, ಎಷ್ಟು ಶಾಸ್ತ್ರ ಓದಿದವನು ಎಂಬ ಎರಡೇ ಪ್ರಶ್ನೆಗಳಿಂದ ಅವರು ಮನುಷ್ಯನನ್ನು ಅಳೆಯುತ್ತಿದ್ದರು. ಆ ಎರಡು ಅಳತೆಗಳಲ್ಲಿಯೂ ಕನಕದಾಸರಿಗೆ ಸ್ಥಾನವಿರಲಿಲ್ಲ. ಅವರು ಅಲ್ಲಿ ಉಳಿಯಬೇಕಾದರೆ ಅಳತೆಗೋಲೇ ಬದಲಾಗಬೇಕಾಗಿದ್ದಿತು.

ಕನಕದಾಸರ ಮಠವಾಸವನ್ನು ಕುರಿತ ಕಥೆಗಳೆಲ್ಲ ಇದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತವೆ. ಅವುಗಳಲ್ಲಿ ಕೋಣದ ಕಥೆ ಒಂದು. ತಮಗೆ ಮಂತ್ರೋಪದೇಶ ಮಾಡಬೇಕೆಂದು ದಾಸರು ಬೇಡಿದಾಗ, ಕುರುಬನಿಗೆ ಎಂತಹ ಮಂತ್ರ, ಕೋಣ ಎಂಬುದೇ ಅವನಿಗೆ ಮಂತ್ರವೆಂಬ ಮಾತು ಬಂದಿತಂತೆ. ದಾಸರು ಅದನ್ನು ಹಾಸ್ಯವೆಂದು ತಿಳಿಯಲಿಲ್ಲ. ಆ ಒಂದೇ ಶಬ್ದವನ್ನು ಶ್ರದ್ಧೆಯಿಂದ ಜಪಿಸಿದರು. ಕೊನೆಗೆ ಯಮನ ಕೋಣವೇ ಬಂದು ಎದುರಿಗೆ ನಿಂತಿತು. ವ್ಯಾಸಸಮುದ್ರವೆಂಬ ಕೆರೆಯನ್ನು ಕಟ್ಟಿಸುತ್ತಿದ್ದಾಗ ಯಾರಿಂದಲೂ ಅಲುಗಾಡಿಸಲಾಗದಿದ್ದ ಬಂಡೆಯನ್ನು ದಾಸರು ಆ ಕೋಣದಿಂದಲೇ ಸರಿಸಿದರೆಂದು ಕಥೆ ಮುಗಿಯುತ್ತದೆ. ಈ ಕೆರೆ ಇಂದಿನ ಆಂಧ್ರಪ್ರದೇಶದಲ್ಲಿದೆ. ಕೋಣ ಬಂದದ್ದು ಸತ್ಯವೇ ಎಂದು ಕೇಳುವವರು ಕೇಳಲಿ. ಕಥೆಯನ್ನು ಕಟ್ಟಿದ ಜನರು ಮಾತ್ರ ಒಂದು ಸಂಗತಿಯನ್ನು ಚೆನ್ನಾಗಿ ಅರಿತಿದ್ದರು: ಕೀಳುಮಾಡಲು ಎಸೆದ ಶಬ್ದವನ್ನೇ ಈ ಮನುಷ್ಯನು ಎತ್ತಿಕೊಂಡು ಕೆಲಸಕ್ಕೆ ಹಚ್ಚಬಲ್ಲನು.

ಬಾಳೆಯ ಹಣ್ಣಿನ ಕಥೆಯು ಇನ್ನೂ ಪ್ರಸಿದ್ಧವಾದುದು. ಯಾರೂ ಇಲ್ಲದ ಸ್ಥಳದಲ್ಲಿ ಹಣ್ಣನ್ನು ತಿಂದು ಬರಬೇಕೆಂದು ಗುರುಗಳು ಎಲ್ಲ ಶಿಷ್ಯರಿಗೂ ಒಂದೊಂದು ಹಣ್ಣನ್ನು ಕೊಟ್ಟರು. ಒಬ್ಬನು ಬಾಗಿಲ ಮರೆಯಲ್ಲಿ, ಮತ್ತೊಬ್ಬನು ಬಂಡೆಯ ಹಿಂದೆ, ಇನ್ನೊಬ್ಬನು ಮುಸುಕಿನೊಳಗೆ ತಿಂದು ಬಂದರು. ಕನಕದಾಸರು ಹಣ್ಣನ್ನು ಹಾಗೆಯೇ ತಂದು ಗುರುಗಳ ಮುಂದಿಟ್ಟರು. ದೇವರಿಲ್ಲದ ಸ್ಥಳವು ತಮಗೆ ಎಲ್ಲಿಯೂ ಕಾಣಿಸಲಿಲ್ಲವೆಂದು ಅರಿಕೆ ಮಾಡಿಕೊಂಡರು. ಚಿಕ್ಕ ತರಗತಿಗಳಲ್ಲಿಯೇ ಇದನ್ನು ಓದಿದವರು ಇದೊಂದು ಭಕ್ತಿಯ ಕಥೆಯೆಂದು ಮಾತ್ರ ತಿಳಿದಿರಬಹುದು. ಆದರೆ ಇನ್ನೊಮ್ಮೆ ಪರೀಕ್ಷಿಸಿದರೆ ಗುರುಗಳು ಕೊಟ್ಟದ್ದು ಹಣ್ಣನ್ನಲ್ಲ, ಒಂದು ಒಗಟನ್ನು ಎಂದು ಹೊಳೆಯುತ್ತದೆ. ಯಾರೂ ಎಂಬ ಪದದಲ್ಲಿಯೇ ಅದರ ಗಂಟು ಇದ್ದಿತು. ಉಳಿದವರು ಆ ಪದಕ್ಕೆ ಮನುಷ್ಯರು ಎಂಬ ಅರ್ಥವನ್ನು ಕೊಟ್ಟುಕೊಂಡು ಓಡಿದರು. ದಾಸರು ಪದದ ಮುಂದೆಯೇ ನಿಂತು ಯೋಚಿಸಿದರು.

ಇವೆಲ್ಲವುಗಳಿಗಿಂತ ಬೆಲೆಯುಳ್ಳದ್ದು ಮೂರನೆಯ ಪ್ರಸಂಗ. ಒಂದು ದಿನ ವಿದ್ವಾಂಸರು ತುಂಬಿದ ಸಭೆಯಲ್ಲಿ ಮೋಕ್ಷಕ್ಕೆ ಯಾರು ಹೋಗುವರೆಂಬ ವಿಚಾರ ಬಂದಿತು. ಗುರುಗಳು ಕನಕದಾಸರ ಕಡೆಗೆ ತಿರುಗಿ ಕೇಳಿದರು. ಅಲ್ಲಿ ಕುಳಿತಿದ್ದ ಪಂಡಿತರನ್ನು ಒಬ್ಬೊಬ್ಬರನ್ನಾಗಿ ತೋರಿಸಿ, ಇವರು ಹೋಗುವರೇ ಎಂದು ಕೇಳುತ್ತ ಬಂದರೆ ದಾಸರು ಇಲ್ಲವೆಂದೇ ತಲೆಯಾಡಿಸಿದರು. ಗುರುಗಳು ತಮ್ಮನ್ನೇ ತೋರಿಸಿ ಕೇಳಿದರು. ಅದಕ್ಕೂ ದಾಸರು ಇಲ್ಲವೆಂದರು. ಸಭೆ ಕೆರಳಿತು. ಹಾಗಾದರೆ ಹೋಗುವವರು ಯಾರೆಂದು ಕೇಳಿದಾಗ, ನಾನು ಹೋದರೆ ಹೋಗಬಹುದೆಂಬ ಅರ್ಥದ ಚಿಕ್ಕ ಉತ್ತರವನ್ನು ದಾಸರು ಕೊಟ್ಟರು.

ಸಭೆಯವರ ಕೋಪಕ್ಕೆ ಮೇರೆ ಇರಲಿಲ್ಲ. ಗುರುವಿಗೂ ದೊರೆಯದ ಮೋಕ್ಷ ಈ ಕುರುಬನಿಗೆ ದೊರೆಯುತ್ತದೆಯೇ ಎಂದು ಅವರು ಕುದಿದರು. ವ್ಯಾಸರಾಯರು ಮಾತ್ರ ನಸುನಕ್ಕರು. ಆ ಉತ್ತರವನ್ನು ಬಿಡಿಸಿ ಹೇಳುವಂತೆ ದಾಸರಿಗೆ ಸೂಚಿಸಿದರು. ಕನ್ನಡದಲ್ಲಿ ನಾನು ಎಂಬ ಪದವು ಮಾತನಾಡುವವನನ್ನು ಸೂಚಿಸುತ್ತದೆ. ಅವನೊಳಗಿನ ಅಹಂಕಾರಕ್ಕೂ ಅದೇ ಹೆಸರು. ಹೋಗು ಎಂಬ ಕ್ರಿಯಾಪದಕ್ಕೂ ಎರಡು ಮುಖಗಳಿವೆ. ಒಂದು ಸ್ಥಳಕ್ಕೆ ತೆರಳುವುದು ಒಂದು ಅರ್ಥ, ಇಲ್ಲವಾಗುವುದು ಇನ್ನೊಂದು. ನಾನೆಂಬುದು ಇಲ್ಲವಾದರೆ ತಾನೂ ಮೋಕ್ಷಕ್ಕೆ ಹೋಗಬಹುದು, ಅಲ್ಲಿದ್ದ ಯಾರೂ ಹೋಗಬಹುದು ಎಂಬುದೇ ದಾಸರ ಉತ್ತರದ ತಿರುಳು. ಶಾಸ್ತ್ರಗಳನ್ನು ಅರೆದು ಕುಡಿದವರು ಅಲ್ಲಿದ್ದರು. ಆದರೆ ತಮ್ಮ ತಾಯಂದಿರು ದಿನಕ್ಕೆ ನೂರು ಸಲ ಆಡುತ್ತಿದ್ದ ಎರಡು ಕನ್ನಡ ಪದಗಳು ಅವರಿಗೆ ಅರ್ಥವಾಗಲಿಲ್ಲ. ಆ ದಿನ ಸಭೆಯಲ್ಲಿ ಅಳತೆಗೋಲು ಬದಲಾಯಿತು. ಹುಟ್ಟಿದ ಕುಲವಾಗಲಿ, ಓದಿದ ಗ್ರಂಥಗಳ ಎಣಿಕೆಯಾಗಲಿ ಆ ಗಂಟನ್ನು ಬಿಚ್ಚಲು ನೆರವಾಗಲಿಲ್ಲ. ಮಾತನ್ನು ಕಿವಿಗೊಟ್ಟು ಕೇಳುವ ತಾಳ್ಮೆಯೊಂದೇ ಬೇಕಾಗಿದ್ದಿತು. ಅದು ಕೋಪಗೊಂಡವರಲ್ಲಿ ಇರಲಿಲ್ಲ.

ಇದನ್ನು ಅರಿತರೆ ಕನಕದಾಸರು ಮುಂಡಿಗೆಗಳನ್ನು ಏಕೆ ರಚಿಸಿದರೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಮುಂಡಿಗೆ ಎಂದರೆ ಪಂಥವಾಗಿ ಮುಂದಿಟ್ಟ ಸಮಸ್ಯೆ. ಮೇಲಿನ ಅರ್ಥ ಒಂದು, ಒಳಗಿನ ಅರ್ಥ ಇನ್ನೊಂದು ಆಗಿರುವ ಹಾಡು ಅದು. ಅದನ್ನು ಬಿಡಿಸಲು ಮುಂದಾಗುವುದಕ್ಕೆ ಮುಂಡಿಗೆ ಎತ್ತುವುದು ಎಂಬ ಮಾತೂ ಇದೆ. 12ನೆಯ ಶತಮಾನದಲ್ಲಿ ಅಲ್ಲಮಪ್ರಭು ಮೊದಲಾದ ಶರಣರು ರಚಿಸಿದ ಬೆಡಗಿನ ವಚನಗಳು ಇದೇ ಜಾತಿಯವು. ಹರಿದಾಸರಲ್ಲಿ ಈ ಪ್ರಕಾರಕ್ಕೆ ಹೆಚ್ಚಿನ ಕೀರ್ತಿ ತಂದವರು ಕನಕದಾಸರು.

ಅವರ ಮುಂಡಿಗೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳನ್ನು ಕಾಣಬಹುದು. ಮೊದಲನೆಯದು ಸಂಬಂಧಗಳ ಸರಪಳಿ. ದೇವರ ಹೆಸರನ್ನು ನೇರವಾಗಿ ಹೇಳದೆ ಇಂಥವನ ಮಗ, ಅವನ ವೈರಿ, ಆ ವೈರಿಯನ್ನು ಕೊಂದವನು, ಕೊಂದವನ ತಂದೆ ಎಂದು ಒಂದರಿಂದ ಒಂದಕ್ಕೆ ಕೊಂಡಿ ಹಾಕುತ್ತ ಹೋಗುವುದು. ಇದರ ಬಗೆಯನ್ನು ತಿಳಿಯಲು ನಾವೇ ಒಂದು ಪುಟ್ಟ ಉದಾಹರಣೆಯನ್ನು ಹೆಣೆದುಕೊಳ್ಳೋಣ. ಇದು ದಾಸರದಲ್ಲ, ಅಭ್ಯಾಸಕ್ಕಾಗಿ ಮಾಡಿಕೊಂಡದ್ದು. ಗಾಳಿಯ ಮಗನ ತಮ್ಮನ ಸಾರಥಿಯ ಅಣ್ಣನು ಹೆಗಲ ಮೇಲೆ ಹೊತ್ತ ಆಯುಧ ಯಾವುದು?

ಗಾಳಿಯ ಮಗ ಎಂದೊಡನೆ ನಮಗೆ ಹನುಮಂತನ ನೆನಪಾಗುತ್ತದೆ. ಆದರೆ ಸಾರಥಿಯುಳ್ಳ ತಮ್ಮನು ಹನುಮಂತನಿಗೆ ಎಲ್ಲಿದ್ದಾನೆ? ದಾರಿ ಅಲ್ಲಿಗೇ ಮುಚ್ಚಿಹೋಗುತ್ತದೆ. ಹಿಂದಕ್ಕೆ ಬಂದು ಯೋಚಿಸಿದರೆ ವಾಯುವಿಗೆ ಭೀಮನೆಂಬ ಇನ್ನೊಬ್ಬ ಮಗನಿರುವುದು ಹೊಳೆಯುತ್ತದೆ. ಭೀಮನಿಗೆ ಅರ್ಜುನ, ನಕುಲ, ಸಹದೇವರೆಂದು ಮೂವರು ತಮ್ಮಂದಿರು. ಇವರಲ್ಲಿ ಯಾರೆಂಬುದನ್ನು ಸಾರಥಿ ಎಂಬ ಮುಂದಿನ ಪದವು ತೀರ್ಮಾನಿಸುತ್ತದೆ. ಅರ್ಜುನನ ಸಾರಥಿ ಕೃಷ್ಣ. ಕೃಷ್ಣನ ಅಣ್ಣ ಬಲರಾಮ. ಬಲರಾಮನು ಹೆಗಲ ಮೇಲೆ ಹೊತ್ತದ್ದು ನೇಗಿಲು. ಗಾಳಿಯಿಂದ ಹೊರಟ ನಾವು ಮುಂಡರಗಿಯ ಎರೆಹೊಲದಲ್ಲಿ ಕಾಣುವ ವಸ್ತುವಿಗೆ ಬಂದು ಮುಟ್ಟಿದೆವು. ಮುಂದಿನ ಸುಳಿವು ಹಿಂದಿನ ತಪ್ಪನ್ನು ತಿದ್ದುವ ಈ ಕ್ರಮವೇ ಪದಬಂಧದಲ್ಲಿಯೂ ಇದೆ. ಅಲ್ಲಿ ಮೇಲಿನಿಂದ ಕೆಳಕ್ಕೆ ಬರೆದ ಪದದ ಒಂದು ಅಕ್ಷರವು ಎಡದಿಂದ ಬಲಕ್ಕೆ ಬರೆದ ಪದವು ಸರಿಯೋ ತಪ್ಪೋ ಎಂಬುದನ್ನು ತೋರಿಸಿಕೊಡುತ್ತದೆ. ದಾಸರ ಸರಪಳಿಗಳು ನಮ್ಮ ಈ ಉದಾಹರಣೆಗಿಂತ ಬಹಳ ಉದ್ದವಾದವು ಮತ್ತು ಕಠಿಣವಾದವು. ಅವುಗಳನ್ನು ರಾಗತಾಳಗಳಿಗೆ ಹೊಂದಿಸಿ, ಕೇಳುವವನು ಉಸಿರು ತೆಗೆದುಕೊಳ್ಳುವುದರೊಳಗೆ ಮುಂದಿನ ಕೊಂಡಿ ಬಂದು ಬೀಳುವಂತೆ ಅವರು ರಚಿಸಿದರು.

ಇಂತಹ ಹಾಡುಗಳನ್ನು ಬಿಡಿಸಲು ಪುರಾಣಗಳ ತಿಳಿವಳಿಕೆ ಬೇಕು. ಹಾಗಾದರೆ ಇವು ಪಂಡಿತರಿಗಾಗಿಯೇ ಹುಟ್ಟಿದವೇ ಎಂಬ ಸಂದೇಹ ಬರಬಹುದು. ಇದಕ್ಕೆ ಉತ್ತರವನ್ನು ಗದಗಿನಲ್ಲಿ ಹುಡುಕಬೇಕು. ಕನಕದಾಸರಿಗಿಂತ ಮುಂಚೆ, 15ನೆಯ ಶತಮಾನದಲ್ಲಿ, ಗದುಗಿನ ನಾರಣಪ್ಪನು ವೀರನಾರಾಯಣನ ಸನ್ನಿಧಿಯಲ್ಲಿ ಕನ್ನಡ ಭಾರತವನ್ನು ಹಾಡಿದ್ದನು. ಕುಮಾರವ್ಯಾಸನೆಂದು ಹೆಸರಾದ ಆತನ ಕಾವ್ಯವನ್ನು ಹಳ್ಳಿಗಳಲ್ಲಿ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವ ಪದ್ಧತಿ ಶತಮಾನಗಳ ಕಾಲ ನಡೆದು ಬಂದಿತು. ಭೀಮನು ಯಾರ ಮಗ, ಕೃಷ್ಣನು ಯಾರ ಸಾರಥಿ ಎಂಬುದನ್ನು ತಿಳಿಯಲು ಸಂಸ್ಕೃತ ಪಾಠಶಾಲೆಯ ಹೊಸ್ತಿಲನ್ನು ದಾಟಬೇಕಾಗಿರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಕುಳಿತು ಕೇಳಿದ ಒಕ್ಕಲಿಗನಿಗೂ ಕುರಿಗಾಹಿಗೂ ಅದು ಗೊತ್ತಿರುತ್ತಿದ್ದಿತು. ಕನಕದಾಸರು ಹಾಕಿದ ಬೀಗಕ್ಕೆ ಬೇಕಾದ ಕೀಲಿಕೈ ಕನ್ನಡದಲ್ಲಿಯೇ ಸಿಕ್ಕುತ್ತಿತ್ತೆಂದು ಹೇಳಬಹುದು. ಕುಮಾರವ್ಯಾಸನು ಹೆಸರುವಾಸಿಯಾಗಿಸಿದ ಭಾಮಿನೀ ಷಟ್ಪದಿಯಲ್ಲಿಯೇ ದಾಸರು ತಮ್ಮ ಮೂರು ಕೃತಿಗಳನ್ನು ರಚಿಸಿರುವುದು ಗಮನಾರ್ಹವಾದ ಸಂಗತಿ.

ಎರಡನೆಯ ಬಗೆಯ ಮುಂಡಿಗೆಗಳು ಇನ್ನೂ ಗಹನವಾದವು. ಇವುಗಳಲ್ಲಿ ವಂಶಾವಳಿಯ ಸುಳಿವುಗಳಿರುವುದಿಲ್ಲ. ಲೋಕದಲ್ಲಿ ನಡೆಯಲಾರದ ಸಂಗತಿಗಳು ನಡೆದಂತೆ ವರ್ಣಿತವಾಗಿರುತ್ತವೆ. ಒಂದು ಮುಂಡಿಗೆಯಲ್ಲಿ ಮರವನ್ನೇ ಕಬಳಿಸುವ ಒಂದು ಹಕ್ಕಿಯ ವರ್ಣನೆಯಿದೆ. ಅದನ್ನು ಗುರುತಿಸಿ ಹೇಳುವಂತೆ ದಾಸರು ಎದುರಿಗೆ ಕುಳಿತ ಜನರನ್ನೇ ಕೇಳುತ್ತಾರೆ. ಆ ಪ್ರಶ್ನೆ ನೇರವಾಗಿ ಸಭೆಗೆ ಹಾಕಿದ್ದು. ಉತ್ತರ ಹೇಳಬೇಕಾದವರು ಆಸನದ ಮೇಲೆ ಕುಳಿತಿದ್ದಾರೆ; ಪ್ರಶ್ನೆ ಕೇಳುವವನು ನಿಂತು ಹಾಡುತ್ತಿದ್ದಾನೆ. ನಿತ್ಯವೂ ನಡೆಯುತ್ತಿದ್ದ ಪರೀಕ್ಷೆ ಇಲ್ಲಿ ತಲೆಕೆಳಗಾಗಿದೆ.

ದಾಸರ ಕೀರ್ತನೆಗಳಲ್ಲಿಯೂ ಪ್ರಶ್ನೆಯ ರೂಪವೇ ಮೇಲುಗೈ ಪಡೆದಿದೆ. ಕುಲದ ಮಾತನ್ನು ಎತ್ತಿದವರಿಗೆ ಅವರು ಉಪದೇಶ ಮಾಡಲಿಲ್ಲ. ಉತ್ತರ ಕೊಡಲಾಗದ ಪ್ರಶ್ನೆಗಳನ್ನು ಕೇಳಿದರು. ಇನ್ನೊಂದು ಪ್ರಸಿದ್ಧ ಕೀರ್ತನೆಯಲ್ಲಿ ಒಂದು ವಸ್ತು ಮತ್ತೊಂದರೊಳಗಿದೆಯೋ, ಆ ಮತ್ತೊಂದೇ ಇದರೊಳಗಿದೆಯೋ ಎಂದು ಎರಡೆರಡು ವಸ್ತುಗಳನ್ನು ಜೋಡಿಸಿ ಕೇಳುತ್ತ ಹೋಗುತ್ತಾರೆ. ಕೇಳುವವನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹವಣಿಸುತ್ತಿರುವಾಗಲೇ, ಎರಡನ್ನೂ ಒಳಗೊಂಡ ಮೂರನೆಯದನ್ನು ಮುಂದಿಡುತ್ತಾರೆ. ಜಾಣ್ಮೆಯ ಒಗಟಿನ ಲಕ್ಷಣವೂ ಇದೇ ಅಲ್ಲವೇ? ನಾವು ಆರಿಸಬೇಕೆಂದು ತಿಳಿದ ಎರಡು ದಾರಿಗಳ ಆಚೆಗೆ ಉತ್ತರವಿರುತ್ತದೆ.

ಮುಂಡಿಗೆಗಳ ಕರ್ತೃವು ದೊಡ್ಡ ಕಾವ್ಯಗಳ ಕವಿಯೂ ಹೌದು. ಮೋಹನತರಂಗಿಣಿಯು ಸಾಂಗತ್ಯದಲ್ಲಿ ರಚಿತವಾದ ಕೃಷ್ಣಕಥೆ. ಅದರ ದ್ವಾರಕೆಯ ವರ್ಣನೆಯಲ್ಲಿ ವಿಜಯನಗರದ ವೈಭವ ಕಾಣುತ್ತದೆಂದು ವಿದ್ವಾಂಸರು ಗುರುತಿಸಿದ್ದಾರೆ. ನಳಚರಿತ್ರೆ, ಹರಿಭಕ್ತಿಸಾರ ಮತ್ತು ರಾಮಧಾನ್ಯಚರಿತೆಗಳು ಭಾಮಿನೀ ಷಟ್ಪದಿಯ ಕೃತಿಗಳು. ಇವುಗಳಲ್ಲಿ ರಾಮಧಾನ್ಯಚರಿತೆಯ ಕಥೆಯನ್ನು ಸಂಕ್ಷೇಪವಾಗಿಯಾದರೂ ಇಲ್ಲಿ ಹೇಳಲೇಬೇಕು.

ಲಂಕೆಯಿಂದ ಹಿಂದಿರುಗುವಾಗ ಶ್ರೀರಾಮನು ಋಷಿಗಳ ಆಶ್ರಮದಲ್ಲಿ ತಂಗುತ್ತಾನೆ. ಅಲ್ಲಿ ನಾನಾ ಧಾನ್ಯಗಳಿಂದ ಮಾಡಿದ ಭಕ್ಷ್ಯಗಳನ್ನು ಬಡಿಸುತ್ತಾರೆ. ಧಾನ್ಯಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಚರ್ಚೆ ಏಳುತ್ತದೆ. ಬತ್ತವೇ ಉತ್ತಮವೆಂದು ಹಲವರು. ಗೌತಮರು ನರೆದಲೆಗವೆಂಬ ಧಾನ್ಯದ ಪಕ್ಷ. ಬತ್ತವು ತನ್ನ ಕುಲೀನತೆಯನ್ನು ಹೊಗಳಿಕೊಂಡು ನರೆದಲೆಗನನ್ನು ಜರೆಯುತ್ತದೆ. ನರೆದಲೆಗನು ಸುಮ್ಮನಿರುವುದಿಲ್ಲ; ಬರಗಾಲದಲ್ಲಿ ಬಡವರನ್ನು ಕಾಯುವವನು ತಾನೇ ಎಂದು ತಿರುಗಿ ಕೇಳುತ್ತಾನೆ. ರಾಮನು ಮಾತಿನಿಂದ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಕಳೆದು ಹೊರತೆಗೆದಾಗ ಬತ್ತವು ಕೆಟ್ಟು ಸೊರಗಿರುತ್ತದೆ. ನರೆದಲೆಗನು ಕಂದದೆ ನಿಂತಿರುತ್ತಾನೆ. ರಾಮನು ಸಂತೋಷಗೊಂಡು ರಾಘವನೆಂಬ ತನ್ನ ಹೆಸರನ್ನೇ ಅವನಿಗೆ ಕೊಡುತ್ತಾನೆ. ಅದರಿಂದಲೇ ರಾಗಿ ಎಂಬ ಹೆಸರು ಬಂದಿತೆಂದು ಕವಿ ಕಲ್ಪಿಸಿದ್ದಾರೆ. ಭಾಷಾಶಾಸ್ತ್ರಜ್ಞರು ಈ ನಿಷ್ಪತ್ತಿಯನ್ನು ಒಪ್ಪಬೇಕಾಗಿಲ್ಲ. ಬಡವರ ಅಂಬಲಿಯ ಧಾನ್ಯದ ಹೆಸರಿನಲ್ಲಿ ದೇವರ ಹೆಸರನ್ನು ಅಡಗಿಸಿಟ್ಟ ಆ ಕೈ ಮುಂಡಿಗೆ ಬರೆದ ಕೈಯೇ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ. ಮಠದಲ್ಲಿ ತಮ್ಮನ್ನು ಕುಲದಿಂದ ಅಳೆದವರಿಗೆ ದಾಸರು ಕೊಟ್ಟ ಉತ್ತರವನ್ನೂ ಈ ಕಾವ್ಯದಲ್ಲಿ ಕಾಣಬಹುದು. ಆದರೆ ಅದನ್ನು ಅವರು ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ.

ಉಡುಪಿಯಲ್ಲಿ ಗುಡಿಯ ಒಳಗೆ ಪ್ರವೇಶ ದೊರೆಯದೆ ಹಿಂಬದಿಯಲ್ಲಿ ನಿಂತು ಹಾಡಿದಾಗ ಕೃಷ್ಣವಿಗ್ರಹವು ಪಶ್ಚಿಮಕ್ಕೆ ತಿರುಗಿ, ಗೋಡೆ ಬಿರಿದು ದರ್ಶನವಾಯಿತೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಅಲ್ಲಿಯ ಕನಕನ ಕಿಂಡಿಯು ಇಂದಿಗೂ ಯಾತ್ರಿಕರನ್ನು ಸೆಳೆಯುತ್ತದೆ. ಈ ಪ್ರಸಂಗದ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ; ಅದನ್ನು ಇಲ್ಲಿ ಬೆಳೆಸುವುದು ಅನಾವಶ್ಯಕ.

ವ್ಯಾಸರಾಯರು 1539ರಲ್ಲಿ ದೇಹಬಿಟ್ಟರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ಅವರ ಬೃಂದಾವನವಿದೆ. ಗುರುವಿನ ತರುವಾಯವೂ ಕನಕದಾಸರು ಊರೂರು ಸುತ್ತಿ ಹಾಡಿದರು. ಕಾಗಿನೆಲೆಯ ಆದಿಕೇಶವ ಎಂಬ ಅಂಕಿತವನ್ನು ಅವರು ಬಿಡಲಿಲ್ಲ. ಎಲ್ಲಿಗೆ ಹೋದರೂ, ಯಾವ ದೇವರ ಮುಂದೆ ನಿಂತು ಹಾಡಿದರೂ ಹಾಡಿನ ಕೊನೆಯಲ್ಲಿ ತಮ್ಮ ಸೀಮೆಯ ಈ ಊರಿನ ಹೆಸರು ಬಂದೇ ಬರುತ್ತಿದ್ದಿತು. ಇಂದು ಕಾಗಿನೆಲೆಯು ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿಗೆ ಸೇರಿದೆ. ಅಲ್ಲಿ ಆದಿಕೇಶವನ ಗುಡಿಯೂ ದಾಸರ ಗದ್ದುಗೆಯೂ ಇವೆ. ಪ್ರತಿವರ್ಷ ಅವರ ಜಯಂತಿಯನ್ನು ನಾಡಿನಾದ್ಯಂತ ಆಚರಿಸುತ್ತಾರೆ.

ಮುಂಡಿಗೆಗಳಿಗೆ ದಾಸರು ಉತ್ತರಗಳನ್ನು ಬರೆದಿಟ್ಟು ಹೋಗಲಿಲ್ಲ. ಪತ್ರಿಕೆಯ ಪದಬಂಧಕ್ಕಾದರೆ ಮರುದಿನದ ಸಂಚಿಕೆಯಲ್ಲಿ ಉತ್ತರ ಬರುತ್ತದೆ. ಫೋನಿನ ಆಟದಲ್ಲಿ ಎಣಿಸಿಕೊಟ್ಟ ಅವಕಾಶಗಳು ಮುಗಿದ ಕೂಡಲೇ ಪದವು ತಾನೇ ಕಾಣಿಸಿಕೊಳ್ಳುತ್ತದೆ. ಇಲ್ಲಿ ಕೊನೆಯ ಸಾಲಿನ ಅಂಕಿತವೊಂದೇ ಸುಳಿವು. ಮರವನ್ನು ಕಬಳಿಸುವ ಆ ಹಕ್ಕಿ ಯಾವುದೆಂದು ಒಬ್ಬ ವ್ಯಾಖ್ಯಾನಕಾರರು ಹೇಳಿದ ಅರ್ಥವು ಇನ್ನೊಬ್ಬರಿಗೆ ಒಪ್ಪಿಗೆಯಾಗುವುದಿಲ್ಲ. ಭಜನೆಯಲ್ಲಿ ಈ ಹಾಡು ಬಂದಾಗ ತಾಳ ಹಾಕುತ್ತಿದ್ದವರು ಅದನ್ನು ಬದಿಗಿಟ್ಟು ತಮಗೆ ತೋಚಿದ ಅರ್ಥವನ್ನು ಹೇಳುವುದುಂಟು. ಪಕ್ಕದಲ್ಲಿ ಕುಳಿತವರು ಅದು ಹಾಗಲ್ಲವೆಂದು ತಲೆಯಾಡಿಸುತ್ತಾರೆ. ಆಮೇಲೆ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತಾರೆ.